ಗೆರೆಯ ಮೇಲೆ ಅಕ್ಕನ ಬೆರಳು

“ನಮ್ಮ ಓಣಿ ಎಲ್ಲಿದೆಯೋ, ನೀನೇ ತೋರ್ಸು,” ಎಂದು ಅಕ್ಕ ಕಚೇರಿ ಗೋಡೆಯ ನಕ್ಷೆಯತ್ತ ಬೆರಳು ಚಾಚಿದಳು. ನಕ್ಷೆ ಬರೆಯುವ ತಮ್ಮ ಆ ಬೆರಳು ಹಿಡಿದು ಓಣಿಯ ಮೇಲಿಟ್ಟ. ವಿಧಾನಸಭಾ ಕ್ಷೇತ್ರದ ಹೊಸ ಗೆರೆ ಅದೊಂದು ಓಣಿಯನ್ನು ಪಕ್ಕದ ಕ್ಷೇತ್ರಕ್ಕೆ ದಾಟಿಸಿಬಿಟ್ಟಿತ್ತು.

ಸೂಲಗಿತ್ತಿ ಅಕ್ಕ ಈ ಸಲ ಚುನಾವಣೆಗೆ ನಿಲ್ಲುವವಳಿದ್ದಳು. ಹಳೆಯ ಕ್ಷೇತ್ರದ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಆದರೆ ಮನೆಯಿರುವ ಕ್ಷೇತ್ರದಲ್ಲೇ ನಿಲ್ಲಬೇಕೆಂಬುದು ಅವಳ ಪಕ್ಷದ ನಿಯಮ. ಪಕ್ಕದಲ್ಲಿ ಅವಳನ್ನು ಕೇಳುವವರಿಲ್ಲ. ಕಚೇರಿಯ ಸಾಹೇಬರೇನೋ ತಮ್ಮನಿಗೆ, “ಆ ಓಣಿ ಯಾವ ಕಡೆ ಹೋದ್ರೂ ಸರಿ, ನೀನೇ ನೋಡ್ಕೊ” ಅಂದಿದ್ದರು. ಅಕ್ಕನಿಗಾಗಿ ಉಳಿಸಿಕೊಂಡ ಎಂದು ನಾಲ್ಕು ಜನ ಆಡಿಕೊಂಡಾರೆಂದು ಹೆದರಿ ತಮ್ಮನೇ ಗೆರೆ ಸರಿಸಿದ್ದ.

“ನಾನಾಗಿದ್ರೆ ಕಿವಿ ಸುತ್ತ ಕತ್ತರಿ ತಿರುಗಿಸೋ ಹಾಗೆ ಓಣಿ ಸುತ್ತ ತಿರುಗಿಸಿ ಉಳಿಸ್ತಿದ್ದೆ,” ಎಂದ ಜೊತೆಗೆ ಬಂದಿದ್ದ ಪಕ್ಕದ ಮನೆಯ ಕ್ಷೌರಿಕ. “ಯಾರಕ್ಕಾ ಇದನ್ನ ಎಳೆದ ಪುಣ್ಯಾತ್ಮ?”

ತಮ್ಮನ ಕೈ ಗೆರೆಯಿಂದ ಸರಕ್ಕನೆ ಹಿಂದೆ ಸರಿಯಿತು. ಅಕ್ಕನ ಬೆರಳು ಇನ್ನೂ ಆ ಕೈಯಲ್ಲೇ ಇತ್ತು. ಅವಳು ಒಮ್ಮೆ ಅವನ ಮುಖ ನೋಡಿದಳು, ಮೆಲ್ಲನೆ ಬೆರಳು ಬಿಡಿಸಿಕೊಂಡಳು.

“ಎಲ್ಲಾ ಮೇಲಿನವರದು ಕಣಪ್ಪ,” ಎಂದಳು ಕ್ಷೌರಿಕನಿಗೆ. “ಪಾಪ, ಇವನೇನು ಮಾಡ್ತಾನೆ.”