ಪಟ್ಟಿಗೆ ಮರುಪಟ್ಟು

"ಬಿಡೇ, ಕೈ ಮುರಿದುಹೋಗುತ್ತೆ!"

ಗೋಡೆಯಾಚೆಯಿಂದ ಮುದುಕ ಮೇಷ್ಟ್ರ ಕೂಗು ಮತ್ತೆ ಕೇಳಿದಾಗ ದರ್ಜಿ ಕತ್ತರಿ ಕೆಳಗಿಟ್ಟ. ಪಕ್ಕದ ಮನೆಗೆ ಅವರ ಸಂಸಾರ ಬಂದು ವಾರವೂ ಆಗಿರಲಿಲ್ಲ. ದಿನವೂ ಇದೇ ರಂಪ. ಮೇಷ್ಟ್ರು ಹಿಂದೆ ಪೊಲೀಸರಿಗೆ ಕೈವರಸೆ ಕಲಿಸುತ್ತಿದ್ದರಂತೆ, ಮಗಳೂ ಅವರ ಶಿಷ್ಯೆಯಂತೆ. ತಾಯಿ, ಮಗಳು ಮೆಟ್ಟಿಲಲ್ಲಿ ಸಿಗುತ್ತಿದ್ದರು. ಮೇಷ್ಟ್ರನ್ನು ಮಾತ್ರ ಯಾರೂ ಹೊರಗೆ ಕಂಡಿರಲಿಲ್ಲ. ಕೂಡಿಹಾಕಿದ್ದಾರೆ ಎಂದು ದರ್ಜಿಗೆ ಖಾತ್ರಿಯಾಗಿತ್ತು.

ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ಹೋಗಿ ಬಾಗಿಲು ತಳ್ಳಿದ.

ಮೇಷ್ಟ್ರು ಚಾಪೆಯ ಮೇಲೆ ಅಂಗಾತ ಬಿದ್ದಿದ್ದರು. ಮಗಳು ಒಂದು ಪಾದದಿಂದ ಅವರ ಬಲಗಾಲನ್ನು ಅದುಮಿ, ಇನ್ನೊಂದನ್ನು ಅವರ ಕಾಲುಗಳ ನಡುವೆ ಊರಿ, ಬಲ ಮಣಿಕಟ್ಟನ್ನು ಒದ್ದೆ ಬಟ್ಟೆ ಹಿಂಡುವಂತೆ ತಿರುಚುತ್ತಿದ್ದಳು.

"ಏನಮ್ಮಾ ಇದು? ಹೆತ್ತ ಅಪ್ಪನಿಗೆ ಹೀಗಾ ಮಾಡೋದು?"

"ನೀವು ಮಧ್ಯ ಬರಬೇಡಿ ಅಣ್ಣಾ," ಅಡುಗೆಮನೆಯ ಬಾಗಿಲಿನಿಂದ ತಾಯಿ ಹೇಳಿದರು. "ಬಿಡಬೇಡ ಅಂತ ಹೇಳಿರೋದೇ ನಾನು."

"ಪೊಲೀಸರಿಗೆಲ್ಲ ಕಲಿಸಿದ್ರಲ್ಲ, ಬಿಡಿಸ್ಕೊಳ್ಳಿ ನೋಡೋಣ," ಮಗಳು ಹಲ್ಲು ಕಚ್ಚಿ ಹೇಳಿದಳು. "ಅತ್ರೆ ಬಿಡ್ತೀನಿ ಅಂದ್ಕೊಂಡ್ರಾ ಅಪ್ಪಾ?"

ಮೇಷ್ಟ್ರ ಕಣ್ಣಲ್ಲಿ ನೀರಿತ್ತು. "ಪಾಪಿ! ನಿನಗೆ ವಿದ್ಯೆ ಕಲಿಸಿದ್ದೇ ತಪ್ಪಾಯ್ತು."

ಅವಳು ಇನ್ನಷ್ಟು ತಿರುಚಿದಳು.

ಎಳೆದು ಬಿಡಿಸಲೆಂದು ಮುಂದೆ ಬಂದ ದರ್ಜಿ ಅಲ್ಲೇ ನಿಂತ. ಮೇಷ್ಟ್ರ ಎಡಗಾಲು ಚಾಪೆಯ ಮೇಲೆ ಸರಿಯುತ್ತಿತ್ತು. ಯಾವ ಆತುರವೂ ಇಲ್ಲದೆ ಅದು ಮಗಳ ಹಿಮ್ಮಡಿಯ ಹಿಂದೆ ಹೋಗಿ ಕೊಕ್ಕೆ ಹಾಕಿತು. ಮೇಷ್ಟ್ರು ಸೊಂಟ ಹೊರಳಿಸಿದರು. ಮಗಳು ಧೊಪ್ಪನೆ ಬಿದ್ದಳು. ಬಿಡುಗಡೆಯಾದ ಬಲಗಾಲು ಮೇಲಿಂದ ಬಂತು. ಅವಳ ಕಾಲು ಇಕ್ಕಳಕ್ಕೆ ಸಿಕ್ಕಂತಾಯಿತು. ಮಣಿಕಟ್ಟಿನ ಹಿಡಿತ ತಪ್ಪಿತು.

ಅವಳು ಬಿದ್ದಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಳಿಸಿದಳು.

"ತಕ್ಕ ಶಾಸ್ತಿ," ಎಂದ ದರ್ಜಿ. "ಮಾಡಿದ್ದುಣ್ಣೋ ಮಹರಾಯ ಅನ್ನೋದು ಇದಕ್ಕೇ."

ಮೇಷ್ಟ್ರು ಗೆದ್ದ ಸಂತೋಷ ತೋರಲಿಲ್ಲ. ತಮ್ಮ ಕಾಲನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದರು.

ತಾಯಿ ಫೋನ್ ಕೈಗೆತ್ತಿಕೊಂಡರು. ಪೊಲೀಸರನ್ನು ಕರೆಯುತ್ತಾರೇನೋ ಎಂದು, ಸಾಕ್ಷಿ ಹೇಳಲು ದರ್ಜಿ ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರೇ," ಎಂದರು ಆಕೆ, "ಲಕ್ವ ಹೊಡೆದಿರೋ ಎಡಗಾಲು ಇನ್ನು ಈ ಜನ್ಮದಲ್ಲಿ ಅಲ್ಲಾಡಲ್ಲ ಅಂದಿದ್ರಲ್ಲ, ಅದು ಈಗಷ್ಟೇ ನನ್ನ ಮಗಳನ್ನ ಕೆಡವಿತು."