ಉಪ್ಪುನೀರಿನ ಮರಿಗಳು

"ಬಾಯಿ ಬಿಡು ಲಮಿಡಿ. ಯಾರಿಗೆ ಮಾರ್ಕೊಂಡೆ ನಿನ್ನನ್ನ?"

ಪ್ರಯೋಗಾಲಯದ ಪ್ರಾಣಿಮನೆಯ ಬಾಗಿಲಿಗೆ ಅಡ್ಡ ನಿಂತು ಕೇಳಿದವಳು ಡಾ. ಅರಿನೋಲ. ಇಷ್ಟು ವರ್ಷ 'ಬಾಬಾ' ಎಂದು ಮರ್ಯಾದೆಯಿಂದ ಕರೆಯುತ್ತಿದ್ದವಳು ಅಂದು ಏಕವಚನಕ್ಕೆ ಇಳಿದಿದ್ದಳು. ಪಂಜರಗಳಿಗೆ ಹೊಟ್ಟು ಹಾಸುತ್ತಿದ್ದ ಮುದುಕ ಕೈಗವಸು ಕಳಚದೆಯೇ ತಿರುಗಿದ.

"ಏನಾಯ್ತು ಡಾಕ್ಟ್ರಮ್ಮ?"

"ಉಪ್ಪುನೀರಿನ ಮರಿಗಳೂ ಮುದುಡಿಹೋಗಿವೆ. ಏನೂ ಗೊತ್ತಿಲ್ಲದವನ ಹಾಗೆ ನಾಟಕ ಆಡ್ಬೇಡ."

ಕೆಲಸ ಸರಳವಾದದ್ದು. ಆಗಷ್ಟೇ ಹುಟ್ಟಿದ ಇಲಿಮರಿಗಳಲ್ಲಿ ಅರ್ಧಕ್ಕೆ ಸ್ಟಿರಾಯ್ಡ್ ಸೂಜಿ, ಉಳಿದರ್ಧಕ್ಕೆ ಬರಿ ಉಪ್ಪುನೀರು. ಸ್ಟಿರಾಯ್ಡ್ ಬಿದ್ದ ಮರಿ ಉದ್ದಕ್ಕೆ ಬೆಳೆಯುವುದಿಲ್ಲ. ರೋಗದಿಂದ ಕಾಪಾಡಲು ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆಯಲ್ಲ, ಅದು ಒಣಗಿದ ಹುಣಸೆ ಸಿಪ್ಪೆಯಂತೆ ಸುಕ್ಕಾಗುತ್ತದೆ. ಉಪ್ಪುನೀರಿನವು ಮಾತ್ರ ಪುಷ್ಟಿಯಾಗಿ ಬೆಳೆಯಬೇಕು. ದಿನ ತುಂಬದೆ ಹುಟ್ಟಿದ ಕೂಸುಗಳ ಉಸಿರಿಗೆ ಈ ಔಷಧವೇ ಆಸರೆ. ಎಷ್ಟಾದರೆ ಅತಿಯಾಯಿತು ಎಂಬುದನ್ನು ಅವಳು ಹೇಳಬೇಕಿತ್ತು. ಎರಡೂ ಗುಂಪು ಒಂದೇ ಥರ ಕೆಟ್ಟರೆ ಹೇಳುವುದೇನು, ಮಣ್ಣು?

ಅವಳು ಬಾಣಂತನದ ರಜೆಯಲ್ಲಿದ್ದಾಗ ಲಮಿಡಿ ಒಬ್ಬನೇ ನೋಡಿಕೊಂಡ ಮರಿಗಳು ಹೇಳಿದಂತೆ ಬೆಳೆದಿದ್ದವು. ಅವಳು ಮರಳಿದ ಮೇಲೆಯೇ ಎಲ್ಲ ಹಾಳು. ಯಾರೋ ಕದ್ದು ಚುಚ್ಚುತ್ತಿದ್ದಾರೆ. ಔಷಧದ ಬೀರುವಿನ ಕೀಲಿ ಇದ್ದದ್ದು ಇಬ್ಬರಲ್ಲಿ ಮಾತ್ರ.

"ನಿಮ್ಮ ಮಗನ ನಾಮಕರಣದಲ್ಲಿ ಊರಿಗೆಲ್ಲ ಅನ್ನ ಬಡಿಸಿದ ಕೈ ಇದು," ಎಂದ ಲಮಿಡಿ. "ಇದರ ಮೇಲೇ ಅನುಮಾನವಾ?"

"ಉಂಡ ಮನೆಗೆ ಎರಡು ಬಗೆಯೋರು ಮೊದಲು ಬಡಿಸೋಕೇ ಬರ್ತಾರೆ."

ಮುದುಕ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ತಿರುಗಿಯೂ ನೋಡಲಿಲ್ಲ.

ಸಂಜೆ ಮನೆಯಲ್ಲಿ ಅರಿನೋಲ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅಕ್ಕ ಅಬೇನಿಗೆ ಇಬಾದಾನ್ ಪಟ್ಟಣದ ಸಂತೆಯಲ್ಲಿ ಮುಲಾಮಿನ ಅಂಗಡಿ. ತಂಗಿ ಕೆಲಸಕ್ಕೆ ಮರಳಿದ ಮೇಲೆ ಅಂಗಡಿಯನ್ನು ಮಗಳಿಗೆ ಬಿಟ್ಟು ಮಗು ನೋಡಿಕೊಳ್ಳಲು ಬಂದಿದ್ದಳು. ಸ್ನಾನ, ನೀವುವುದು, ಜೋಳದ ಓಗಿ ಗಂಜಿ ಕುಡಿಸುವುದು ಎಲ್ಲ ಅವಳದೇ.

"ಹೊರಗಿನೋರನ್ನ ನಂಬಿದ್ರೆ ಹೀಗೇ ಕಣೇ," ಎಂದಳು ಅಬೇನಿ. "ರಕ್ತ ರಕ್ತವೇ. ಕೈ ನೋಡು, ಮತ್ತೆ ಒಣಗಿದೆ! ದಿನಾ ಈ ಮುಲಾಮು ಹಚ್ಕೋ. ಬರಿ ಶಿಯಾ ಬೆಣ್ಣೆ, ಬೇರಿನ ರಸ."

ಅರಿನೋಲಳ ಕೈ ಈಚೆಗೆ ಹೊಳಪೇರಿತ್ತು. ಬಣ್ಣವೂ ತಿಳಿಯಾಗಿತ್ತು. ಜೊತೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಮಗು ತೊಮಿವಾ ಚಾಪೆಯ ಮೇಲೆ ಕೇಕೆ ಹಾಕಿದ. ಗುಂಡು ಮುಖ, ಉಬ್ಬಿದ ಕೆನ್ನೆ. ಬಂದವರೆಲ್ಲ ಆ ಕೆನ್ನೆ ಹಿಂಡದೆ ಹೋಗುತ್ತಿರಲಿಲ್ಲ.

"ನಾಮಕರಣದ ಅಂಗಿ ಇನ್ನೂ ಆಗುತ್ತೆ, ನೋಡೇ," ಎಂದು ಅಬೇನಿ ನಕ್ಕಳು. "ಅಪ್ಪನ ಜೇಬು ಉಳಿಸೋ ಮಗ!"

ಮುಂದಿನ ಮರಿಗಳನ್ನು ಅರಿನೋಲ ಯಾರಿಗೂ ಮುಟ್ಟಲು ಬಿಡಲಿಲ್ಲ. ಬೀರುವಿನ ಎರಡೂ ಕೀಲಿ ಅವಳ ಕೊರಳಲ್ಲಿ. ಸ್ಟಿರಾಯ್ಡಿನ ಮರಿಗಳನ್ನು ಎತ್ತುವಾಗ ಕೈಗವಸು. ಆ ಔಷಧ ಚರ್ಮದ ಮೂಲಕವೂ ಒಳಗಿಳಿಯುವಂಥದು, ತನ್ನ ಜಾಗ್ರತೆ ತನಗೆ. ಉಪ್ಪುನೀರಿನವನ್ನು ಮಾತ್ರ ಎಂದಿನಂತೆ ಬರಿಗೈಯಲ್ಲಿ ಎತ್ತುತ್ತಿದ್ದಳು. ರಬ್ಬರಿನ ವಾಸನೆ ಹತ್ತಿದರೆ ತಾಯಿ ಇಲಿ ಮರಿಯನ್ನೇ ತಿಂದೀತೆಂದು ಅವಳಿಗೆ ಭಯ, ಇವನ್ನಾದರೂ ಅದರಿಂದ ಉಳಿಸಬಹುದಲ್ಲ. ಈ ಬಾರಿ ಅವುಗಳ ಮೇಲೆ ಅಕ್ಕರೆಯೂ ಹೆಚ್ಚು. ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ, ಬೆನ್ನು ಸವರಿ ಮಲಗಿಸುತ್ತಿದ್ದಳು.

ಕೊಯ್ದು ನೋಡಿದಾಗ ಉಪ್ಪುನೀರಿನವುಗಳ ಥೈಮಸ್ ಹಿಂದಿಗಿಂತಲೂ ಹೆಚ್ಚು ಸುಕ್ಕಾಗಿತ್ತು.

ಅರಿನೋಲ ಕೊರಳ ದಾರ ಮುಟ್ಟಿ ನೋಡಿದಳು. ಕೀಲಿ ಕೊರಳಲ್ಲೇ ಇತ್ತು. ಲಮಿಡಿ ಹೋಗಿ ಎಷ್ಟೋ ದಿನವಾಗಿತ್ತು. ಹಾಗಾದರೆ ಯಾರು? ಉಳಿದಿದ್ದ ಒಂದು ಮರಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಬೆನ್ನು ಜಿಡ್ಡಾಗಿ ಮಿನುಗುತ್ತಿತ್ತು. ಮೂಸಿದಳು. ಪರಿಚಿತ ವಾಸನೆ.

ಮನೆಗೆ ಫೋನ್ ಮಾಡಿದಳು.

"ಅಕ್ಕಾ, ಆ ಮುಲಾಮಿಗೆ ಏನೇನು ಹಾಕ್ತೀಯ?"

"ಹೇಳಿದ್ನಲ್ಲೇ, ಶಿಯಾ ಬೆಣ್ಣೆ, ಬೇರು..."

"ನಿಜ ಹೇಳು. ನನ್ನಾಣೆ."

ಅಬೇನಿ ದನಿ ತಗ್ಗಿಸಿದಳು.

"ಸಂತೇಲಿ ಎಲ್ಲರೂ ಹಾಕೋದೇ ಕಣೇ. ಔಷಧಿ ಅಂಗಡಿ ಟ್ಯೂಬು, ಅದೇ ಸ್ಟಿರಾಯ್ಡು. ಅದಿಲ್ದೆ ಬಣ್ಣ ಎಲ್ಲಿಂದ ಬರುತ್ತೆ? ಮೊದಲೇ ಹೇಳಿದ್ರೆ ನೀನು ಹಚ್ಕೊಳ್ತಿದ್ಯಾ?"

ಅರಿನೋಲಳಿಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವಳು! ಇವಳ ಹೆಗಲ ಮೇಲೆಯೇ ಅತ್ತಿದ್ದೆನಲ್ಲ, ಆ ಮುದುಕನನ್ನು ಹೊರಗಟ್ಟಿ ಬಂದು.

"ನಿನ್ನ ಡಬ್ಬಿಗೆ ಹಾಕಿರೋದು ಒಂಚೂರೇ, ಹೆದರ್ಬೇಡ," ಎಂದಳು ಅಬೇನಿ. ಹಿಂದೆ ತೊಮಿವಾನ ಕೇಕೆ ಕೇಳಿಸಿತು. "ಟ್ಯೂಬು ಪೂರ್ತಿ ಹಿಂಡಿರೋದು ಈ ನನ್ನ ಬಂಗಾರದ ಮರಿಯ ಡಬ್ಬಿಗೆ. ಈಗಷ್ಟೇ ಸ್ನಾನ ಆಯ್ತು, ಮೈತುಂಬಾ ತಿಕ್ತಾ ಇದೀನಿ."