ರವಿವಾರದ ಪದಗಳು

ಮೂರನೆಯ ರವಿವಾರ ಅಪ್ಪ ಬರೆದು ತಂದ ಪದ ನೋಡಿದಾಗ, ಅದು ದವಾಖಾನೆಯ ಕಾಗದದ್ದೆಂದು ಕಾಜಲಳಿಗೆ ಖಾತ್ರಿಯಾಯಿತು.

ಮೊದಲಿನ ಎರಡರಲ್ಲಿ ಅನುಮಾನಕ್ಕೆ ಜಾಗವಿತ್ತು. ಬ್ಲಡ್ ಎಂದರೆ ರಕ್ತ, ನಿಘಂಟು ಬೇಕಿರಲಿಲ್ಲ. ಅಕ್ಯೂಟ್ ಎಂದರೆ ಚೂಪಾದ, ತೀವ್ರ. ಗಣಿತದ ಕೋನಕ್ಕೂ ಬಳಸುತ್ತಾರೆ. ಈ ಸಲದ್ದು ಉದ್ದನೆಯ ಪದ. ಅಪ್ಪ ಕಾಮಣ್ಣ ಅದನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಇಳಿಸಿಕೊಂಡು ಬಂದಿದ್ದ. ಅವನಿಗೆ ಓದು ಬರದು. ಆದರೆ ಎಂಬತ್ತು ಕುರಿಗಳ ಕಿವಿಯ ಗುರುತು ನೆನಪಿಟ್ಟ ಕಣ್ಣು. ಒಂದು ಗೆರೆಯೂ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ಅವನು ಗುರುತಿಸುತ್ತಿದ್ದುದು ಒಂದೇ ಪದ, ಮಗಳ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು. ಸೊಲ್ಲಾಪುರದ ಹಾಸ್ಟೆಲಿನ ನೂರು ಟ್ರಂಕುಗಳಲ್ಲಿ ಅದನ್ನು ಹುಡುಕಿ ಹೊತ್ತು ತರಲೆಂದು ಅವಳೇ ಕಲಿಸಿದ್ದಳು.

ಹಾಸ್ಟೆಲ್ ಗೇಟಿನ ಕಟ್ಟೆಯ ಮೇಲೆ ನಿಘಂಟು ತೆರೆದಳು. ಹತ್ತನೆಯ ತರಗತಿಯಲ್ಲಿ ಮೊದಲು ಬಂದದ್ದಕ್ಕೆ ವಾಗದರಿಯ ಶಾಲೆಯ ಶಾಂತಲಿಂಗಪ್ಪ ಮಾಸ್ತರು ಕೊಟ್ಟದ್ದು. ಲ್ಯುಕೀಮಿಯಾ. ಅರ್ಥ ಒಂದೇ ಸಾಲು: ರಕ್ತದ ಕ್ಯಾನ್ಸರ್.

"ಯಾರ ಕಾಗದ, ಯಪ್ಪಾ?"

"ನಮ್ಮ ಮನೀದಽ. ಅರ್ಥ ಹೇಳು."

ಸಂಕ್ರಾಂತಿಗೆ ಅವಳು ಊರಿಗೆ ಹೋದಾಗ ಅಕ್ಕಲಕೋಟದ ತಪಾಸಣೆ ಶಿಬಿರದಲ್ಲಿ ಮನೆಯ ಮೂವರೂ ಪರೀಕ್ಷೆಗೆ ರಕ್ತ ಕೊಟ್ಟಿದ್ದರು. ಆಮೇಲೆ ಅವ್ವ ಸುಗಲಾಬಾಯಿಯ ದನಿ ಸೊರಗಿತ್ತು. ಫೋನು ಹಚ್ಚಿದರೆ ನಾಲ್ಕು ಮಾತಿಗೇ ಅತ್ತು ಇಟ್ಟುಬಿಡುತ್ತಿದ್ದಳು.

"ಕಾಗದಾನಽ ತರಬಾರದೇನು? ಪೂರಾ ಓದಿ ಹೇಳ್ತಿದ್ನಿ."

"ಬ್ಯಾಡ. ಅದನ್ನ ನೀ ನೋಡೂದು ಬ್ಯಾಡ. ಊರಾಗೂ ಯಾರಿಗೂ ತೋರ್ಸಿಲ್ಲ. ಬಾಯಿ ಬಿಟ್ರ ನಾಳಿ ನಿನಗ ವರಾ ಬರಂಗಿಲ್ಲ."

"ಅವ್ವಗ ಗೊತ್ತದೇನು?"

"ದೊಡ್ಡ ದವಾಖಾನಿಗಿ ಒಯ್ರಿ ಅಂತ ನರ್ಸಬಾಯಿ ಅಂದಾಗ ಆಕೀನೂ ಇದ್ದಳಲ್ಲ. ಅವತ್ತಿಂದ ಗಂಟಲಾಗ ತುತ್ತು ಇಳಿವಲ್ದು."

ಮುಂದೇನಾಗುತ್ತದೆಂದು ಕಾಜಲಳಿಗೆ ಗೊತ್ತಿತ್ತು. ಅವಳ ಕೋಣೆಯಲ್ಲಿ ಒಂದು ಮಂಚ ಖಾಲಿಯಿತ್ತು. ಕುಂಭಾರಿಯ ಪ್ರಣಿತಾಳದ್ದು. ಡಿಸೆಂಬರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಳು. ರೊಟ್ಟಿ ಬಡಿಯುವವರಿಲ್ಲವೆಂದು ತಂದೆ ಬಂದು ಕರೆದೊಯ್ದ. ಪುಸ್ತಕಗಳು ಇಲ್ಲೇ ಉಳಿದವು. ಹನ್ನೆರಡನೆಯ ಪರೀಕ್ಷೆಗೆ ಇನ್ನು ಹದಿನೈದು ದಿನ. ಅದು ತಪ್ಪಿದರೆ ಕಾಜಲಳಿಗೂ ಒಲೆ, ಕುರಿ, ಮದುವೆ.

"ರಕ್ತ ಕಮ್ಮಿ ಅಂತ," ಎಂದಳು.

"ಅಷ್ಟಽ?"

"ಅಷ್ಟಽ. ಶೇಂಗಾ, ಬೆಲ್ಲ ತಿಂದ್ರ ತುಂಬ್ತದ."

ಕಾಮಣ್ಣ ತಲೆಯ ಪಟಕಾ ಬಿಚ್ಚಿ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಚೀಲದಿಂದ ಪೇರಲ ಹಣ್ಣು ತೆಗೆದು ಕೊಟ್ಟ. ಅವಳು ಕಚ್ಚಿದಲ್ಲಿ ಬಿಳಿ ತಿರುಳಿಗೆ ಕೆಂಪು ಹತ್ತಿತು. ಅವನು ಅದನ್ನೇ ನೋಡುತ್ತಿದ್ದ.

"ಹಲ್ಲಿನ ಬ್ರಶ್ ಬಿರುಸದ," ಎಂದಳು.

ನಾಲ್ಕನೆಯ ರವಿವಾರ ಎರಡು ಕಿಲೋ ಶೇಂಗಾ ಉಂಡಿ ಬಂದವು.

"ಮನಿಯಾಗ ಇಟ್ಟೀಯಿಲ್ಲೋ?"

"ನೀ ತಿನ್ನು. ಮನೀದು ನಾ ನೋಡ್ಕೋತೀನಿ."

ಜೊತೆಗೆ ಇನ್ನೊಂದು ಪದ. ಇದು ಅಪ್ಪ ದಿನವೂ ಆಡುವ ಪದ, ಕುರಿಗೆ ಹುಳ ಬಿದ್ದರೂ ಡಾಕ್ಟರಿಗೆ ಫೋನಿನಲ್ಲಿ ಹೇಳುವ ಪದ. ಅಕ್ಷರದಲ್ಲಿ ಮಾತ್ರ ಕಂಡಿರಲಿಲ್ಲ. ಅರ್ಜಂಟ್.

ಅವಳು ಅದನ್ನು ಬಾಯಿಬಿಟ್ಟು ಓದಲಿಲ್ಲ.

"ಈಗಽ ಒಯ್ಯಬೇಕೇನು, ನಿನ್ನ ಪರೀಕ್ಷಾ ಮುಗಿದ ಮ್ಯಾಲ ನಡೀತದೇನು, ಅಷ್ಟು ಹೇಳು," ಎಂದ ಕಾಮಣ್ಣ. "ನೀ ಶಾಣ್ಯಾಕಿ. ನೀ ಹೆಂಗಂದ್ರ ಹಂಗ."

ಬೇಕಿಲ್ಲದಿದ್ದರೂ ನಿಘಂಟು ತೆರೆದಳು. ಪುಟದ ಮೇಲೆ ಬೆರಳು ಎಳೆದಳು. ತುರ್ತಾದ, ತಡಮಾಡಬಾರದ. ಅಪ್ಪ ಆ ಬೆರಳನ್ನೇ ನಂಬಿ ಕೂತಿದ್ದ.

"ಪುರಸೊತ್ತಾದಾಗ, ಅಂತದ ಇದರಾಗ."

"ಹಂಗಿದ್ರ ಪರೀಕ್ಷಾ ಆಗ್ಲಿ."

"ಆಗ್ಲಿ."

ಐದನೆಯ ರವಿವಾರ ಅವನು ಪದ ತರಲಿಲ್ಲ. ಉಂಡಿ ತಂದ, ಎಸ್‌ಟಿ ಬಸ್ಸು ಹತ್ತಿ ಹೋದ. ಆ ವಾರ ಫೋನಿನಲ್ಲಿ ಅವ್ವ ಮೊದಲ ಸಲ ಅಳದೆ ಮಾತಾಡಿದಳು. ಕಾಜಲಳಿಗೆ ಒಂದು ದಿನ ಅನ್ನ ಸೇರಲಿಲ್ಲ. ಆಮೇಲೆ ಸೇರಿತು. ಒಂದು ತಿಂಗಳಲ್ಲಿ ಏನಾಗುತ್ತದೆ, ಎಂದುಕೊಂಡಳು. ಎಲ್ಲ ಪೇಪರುಗಳನ್ನೂ ಬರೆದಳು. ಕಡೆಯ ದಿನ ಪರೀಕ್ಷಾ ಹಾಲಿನ ಮೆಟ್ಟಿಲು ಇಳಿಯುವಾಗ ಎರಡು ಸಲ ಕೂತಳು. ನಿದ್ದೆಗೆಟ್ಟದ್ದಕ್ಕೆ, ಎಂದುಕೊಂಡಳು.

ಹಾಸ್ಟೆಲ್ ಗೇಟಿನಲ್ಲಿ ಇಬ್ಬರೂ ಕಾಯುತ್ತಿದ್ದರು. ಅವ್ವನ ತಲೆಯ ಮೇಲೆ ಹಾಸಿಗೆಯ ಗಂಟು, ಬಗಲಲ್ಲಿ ಬುತ್ತಿ. ಇನ್ನೂ ಮೂರು ಮೈಲಿ ನಡೆಯಬಲ್ಲವಳ ಹಾಗೆ ಗಟ್ಟಿಯಾಗಿ ನಿಂತಿದ್ದಳು. ಕಾಜಲ ಅವಳ ಮುಖವನ್ನೇ ನೋಡಿದಳು. ಎಲ್ಲಿಯೂ ಕಾಯಿಲೆ ಕಾಣಲಿಲ್ಲ.

ಕಾಮಣ್ಣ ಅಂಗಿಯ ಕಿಸೆಯಿಂದ ಬೀರೋಬ ದೇವರ ಭಂಡಾರದ ಅರಿಸಿನ ತೆಗೆದು ಮಗಳ ಹಣೆಗೆ ಹಚ್ಚಿದ.

"ನಡಿ, ದವಾಖಾನಿಗಿ ಹೋಗೂನು," ಎಂದ. "ಇನ್ನ ನೀ ನೋಡಿದ್ರೂ ನಡೀತದ. ಅಂಜೂದೇನಿಲ್ಲಂತ ನೀನಽ ಹೇಳೀಯಲ್ಲ."

ಮಡಿಕೆ ಸವೆದ ಕಾಗದವನ್ನು ಅವಳ ಕೈಗಿಟ್ಟ. ಅಪ್ಪ ನೋಡಿ ಬರೆದುಕೊಂಡ ಪ್ರತಿ ಪದದ ಕೆಳಗೂ ಪೆನ್ಸಿಲಿನ ಚುಕ್ಕೆಗಳಿದ್ದವು. ನಾಲ್ಕು ಪದ.

ಎಲ್ಲಕ್ಕಿಂತ ಮೇಲೆ, ಪೆನ್ಸಿಲು ಮುಟ್ಟದ ಒಂದು ಸಾಲಿನಲ್ಲಿ, ಅವಳ ಟ್ರಂಕಿನ ಮೇಲಿನ ಹೆಸರಿತ್ತು.